ಏಟಿಗೆ ಮುಂಚಿನ ಹನ್ನೊಂದು ಚಿತ್ರ

ಮಗಳು ಮೂರು ಕಾಲಿನ ಸ್ಟ್ಯಾಂಡನ್ನು ಹೆಗಲ ಮೇಲೆ ಹೊತ್ತುಕೊಂಡು ಅಂಗಡಿಗೆ ಬಂದಾಗ ತಾಯಿ ಕೊರಡಿನ ಮುಂದೆ ನಿಂತು ಒಂದು ಕೋಳಿಯ ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಹಿಡಿದಿದ್ದಳು. ಹದಿನೆಂಟು ವರ್ಷದಿಂದ ಅದೇ ಕೊರಡು, ಅದೇ ಕೈ. ಅವಳದು ಎಡಗೈ. ಕುತ್ತಿಗೆಗೆ ಒಂದು, ಎದೆಗೂಡಿಗೆ ಎರಡು, ತೊಡೆಯ ಸಂದಿಗೆ ಒಂದೊಂದು. ಮಚ್ಚು ಬಿದ್ದಲ್ಲಿ ಇನ್ನೊಂದು ಸಲ ಬೀಳುವ ಅಗತ್ಯ ಬರುತ್ತಿರಲಿಲ್ಲ. ಗಿರಾಕಿಗಳು ಮಾತಾಡುತ್ತಾ ನಿಂತವರು ಅವಳ ಕೈ ಮೇಲೆದ್ದಾಗ ಮಾತು ನಿಲ್ಲಿಸಿ, ಕೆಳಗಿಳಿದ ಮೇಲೆ ಮುಂದುವರಿಸುತ್ತಿದ್ದರು.

"ಇದೇನೇ, ಮದುವೆ ಫೋಟೋ ತೆಗೆಯೋರ ಥರ ಬಂದಿದ್ದೀಯ?" ಎಂದಳು ತಕ್ಕಡಿಯವಳು. ಮಾಂಸ ತೂಗಿ ಕಟ್ಟಿಕೊಡುವುದು ಅವಳ ಕೆಲಸ. ಇಬ್ಬರು ಹೆಂಗಸರೂ ಒಂದೇ ತಿಂಗಳಲ್ಲಿ ಈ ಅಂಗಡಿಗೆ ಸೇರಿದವರು. ಒಬ್ಬಳು ಕಡಿಯುವುದು, ಇನ್ನೊಬ್ಬಳು ತೂಗುವುದು ಎಂದು ಅಂದು ಹಂಚಿಕೊಂಡದ್ದು ಇಂದಿಗೂ ಬದಲಾಗಿರಲಿಲ್ಲ.

"ಅಮ್ಮನ ಕೈ ಬೇಕಿತ್ತು ಅತ್ತೆ."

"ಕೈಯಾ? ಚರ್ಮ ಸಮೇತ ಕೊಡ್ಲಾ, ತೆಗೆದು ಕೊಡ್ಲಾ?"

ಮಗಳು ನಕ್ಕಳು. ನಕ್ಕಾಗ ಮುಂದಿನ ಒಂದು ಹಲ್ಲು ಉಳಿದವುಗಳಿಗಿಂತ ಒಂದು ಗುಂಜಿ ಬೆಳ್ಳಗೆ ಕಂಡಿತು. ತಾಯಿ ಕೋಳಿಯ ಕಡೆಗೆ ತಿರುಗಿದಳು.

ಮಗಳು ಯೂನಿವರ್ಸಿಟಿಯಲ್ಲಿ ಚಿತ್ರ, ವಿನ್ಯಾಸ, ಅನಿಮೇಶನ್ ಓದುತ್ತಿದ್ದಳು. ಇದು ಕೊನೆಯ ವರ್ಷ. ಮೂರು ನಿಮಿಷದ ಒಂದು ಚಿತ್ರವನ್ನು ಕೈಯಲ್ಲೇ ಬರೆದು ಮುಗಿಸಿ, ಹತ್ತು ದಿನದಲ್ಲಿ ಹೊರಗಿನಿಂದ ಬರುವ ಪರೀಕ್ಷಕರ ಮುಂದೆ ಇಡಬೇಕಿತ್ತು. ಅದಕ್ಕೆ ಮೊದಲು ಮೇಷ್ಟ್ರ ಸಹಿ ಬೇಕು. ಆ ಮೇಷ್ಟ್ರಿಗೆ ಹುಡುಗರು ಇಟ್ಟ ಹೆಸರು ಇಪ್ಪತ್ನಾಲ್ಕು. ಒಂದು ಸೆಕೆಂಡಿಗೆ ಇಪ್ಪತ್ನಾಲ್ಕು ಫ್ರೇಮು, ಅಂದರೆ ಇಪ್ಪತ್ನಾಲ್ಕು ಬಿಡಿ ಚಿತ್ರ, ಎಂಬ ಮಾತಿಲ್ಲದೆ ಆ ಮನುಷ್ಯ ಬಾಯಿ ತೆರೆಯುತ್ತಿರಲಿಲ್ಲವಂತೆ. ಮಗಳ ಚಿತ್ರದಲ್ಲಿ ಒಬ್ಬ ಹೆಂಗಸು ಕೈಯೆತ್ತಿ ಹೊಡೆಯುವುದಿತ್ತು. ಇಪ್ಪತ್ನಾಲ್ಕು ಅದನ್ನು ನೋಡಿ, "ನಿನ್ನ ಹೆಂಗಸಿನ ಕೈಗೆ ಭಾರವೇ ಇಲ್ಲವಲ್ಲ, ಧೂಳು ಕೊಡವಿದ ಹಾಗಿದೆ. ಕೈ ಬೀಸಿ ಬದುಕುವ ಯಾರನ್ನಾದರೂ ಶೂಟ್ ಮಾಡಿಕೊಂಡು, ನೋಡಿ ಬರಿ" ಎಂದಿದ್ದರು.

ಮಗಳಿಗೆ ಹೊಳೆದದ್ದು ತಾಯಿ. ಹಾಗೆಂದು ಹೇಳಿದಾಗ ತಾಯಿಗೆ ಒಳಗೊಳಗೇ ಹಿಗ್ಗಾಯಿತು. ಓದಿನ ವಿಷಯಕ್ಕೆ ಮಗಳು ಅವಳನ್ನು ಒಂದು ಮಾತು ಕೇಳಿದವಳಲ್ಲ. ಮನೆಯಲ್ಲಿ ಇಬ್ಬರ ನಡುವೆ ಗ್ಯಾಸು ಮುಗೀತು, ಬೀಗದ ಕೈ ಎಲ್ಲಿ, ಊಟ ಆಯ್ತಾ ಎನ್ನುವಷ್ಟೇ ಮಾತು. ಈಗ ಯೂನಿವರ್ಸಿಟಿಯ ಕ್ಯಾಮೆರಾ ಅವಳ ಮೊಣಕೈಯನ್ನು, ಭುಜವನ್ನು, ನೆಲಕ್ಕೆ ಒತ್ತಿದ ಹಿಮ್ಮಡಿಯನ್ನು ಮುತ್ತು ರತ್ನ ನೋಡಿದ ಹಾಗೆ ನೋಡುತ್ತಿತ್ತು.

"ಕೈ ಇಳಿಯೋಕೆ ಮುಂಚೆ ನಿನ್ನ ಎಡ ಹಿಮ್ಮಡಿ ಏಳುತ್ತೆ ಅಮ್ಮ, ಗೊತ್ತಾ ನಿಂಗೆ?"

"ನನ್ನ ಹಿಮ್ಮಡಿ ನಾನ್ಯಾಕೆ ನೋಡ್ಕೊಳ್ಳಲಿ?"

"ನಿನ್ನ ಅಮ್ಮ ಹಿಮ್ಮಡಿಯಿಂದ್ಲೇ ಕೋಳಿ ಕಡಿಯೋದು ಕಣೆ," ಎಂದಳು ತಕ್ಕಡಿಯವಳು. "ಕೈ ಬರೀ ನೆಪ."

"ಹೊಡೀತಾಳಲ್ಲ ನಿನ್ನ ಚಿತ್ರದ ಹೆಂಗಸು, ಯಾರಿಗೆ ಹೊಡೀತಾಳೆ?" ತಾಯಿ ಕೇಳಿದಳು.

ಮಗಳು ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ. "ಮುಗೀಲಿ, ನೋಡ್ತೀಯಲ್ಲ."

ಎರಡು ದಿನದ ಮೇಲೆ ಅಂಗಡಿಗೆ ರಜೆ. ಊಟದ ಹೊತ್ತು ಕಳೆದಿತ್ತು. ಮುಂದಿನ ಕೋಣೆಯ ಕಿಟಕಿ ಪಕ್ಕದ ಮೇಜಿನ ತುಂಬ ಮಗಳ ಸಾಮಾನು: ಕಂಪ್ಯೂಟರು, ಕೆಳಗಿನಿಂದ ಬೆಳಕು ಬರುವ ಗಾಜಿನ ಹಲಗೆ, ಒಂದೇ ಅಂಚಿಗೆ ಮೂರು ತೂತು ಹೊಡೆದ ಕಾಗದದ ಕಟ್ಟುಗಳು. ಒಂದೊಂದು ಕಟ್ಟೂ ಇಟ್ಟಿಗೆಯಷ್ಟು ದಪ್ಪ. ಮೂರು ನಿಮಿಷಕ್ಕೆ ಇಷ್ಟು ಕಾಗದವೇ ಎಂದು ತಾಯಿ ದಿನಾ ಕಸ ಗುಡಿಸುವಾಗ ಗೊಣಗುತ್ತಿದ್ದಳು. ಅಂದು ಗೊಣಗದೆ ಕುರ್ಚಿ ಎಳೆದು ಕೂತಳು.

"ನನ್ನ ಕೈ ಎಲ್ಲಿ ಬಂದಿದೆ, ತೋರ್ಸು."

ಮಗಳು ಅವಳ ಮುಖ ನೋಡಿದಳು. ಆಮೇಲೆ ಒಂದು ಗುಂಡಿ ಒತ್ತಿದಳು.

ಪೆನ್ಸಿಲ್ ಗೆರೆಗಳು ಮಿಣಮಿಣ ಅಲುಗಿದವು. ಒಂದು ಮೇಜು. ಮೇಜಿನ ಮುಂದೆ ಎರಡು ಜಡೆಯ ಒಂದು ಹುಡುಗಿ, ಬೆನ್ನು ಇತ್ತ. ಪೆನ್ಸಿಲ್ ಹೆರೆಯುತ್ತಿದೆ. ಸಿಪ್ಪೆ ಸುರುಳಿಯಾಗಿ ಬೀಳುತ್ತಿದೆ. ಬಾಗಿಲು ತೆರೆಯುತ್ತದೆ. ಒಳಗೆ ಬರುವ ಹೆಂಗಸಿಗೆ ಸೊಂಟದಿಂದ ಕುತ್ತಿಗೆಯವರೆಗೆ ಮಾತ್ರ ಮೈ, ಮುಖ ಪರದೆಯ ಆಚೆ. ಎದೆಗೆ ಕಟ್ಟಿದ ಏಪ್ರನ್ನು. ಅದರ ದಾರದ ಗಂಟು ಎಡ ಸೊಂಟದ ಮೇಲೆ. ಹೆಂಗಸು ನಿಲ್ಲುತ್ತಾಳೆ. ಅವಳ ಕೈ ಇನ್ನೂ ಸುಮ್ಮನೆ ಜೋತುಬಿದ್ದಿರುವಾಗಲೇ ಹುಡುಗಿಯ ಭುಜಗಳೆರಡೂ ಕಿವಿಯವರೆಗೆ ಏರುತ್ತವೆ, ಕುತ್ತಿಗೆ ಒಳಕ್ಕೆ ಹೋಗುತ್ತದೆ, ಪೆನ್ಸಿಲ್ ನಿಲ್ಲುತ್ತದೆ. ಆಮೇಲೆ ಕೈ ಏಳುತ್ತದೆ. ಎಡಗೈ. ಅದು ಇಳಿಯುವಾಗ ಅದರಲ್ಲಿ ಈಗ ನಿಜವಾದ ಭಾರವಿತ್ತು, ಕೊರಡಿನ ಭಾರ. ಹುಡುಗಿಯ ತಲೆ ಮೇಜಿಗೆ ಬಡಿದು, ಕುರ್ಚಿ ಮಗುಚಿ, ಕೊನೆಗೆ ಪರದೆಯ ಮೇಲೆ ನೆಲವಷ್ಟೇ ಉಳಿಯಿತು. ನೆಲದ ಮೇಲೆ ಅಕ್ಕಿಕಾಳಿನಷ್ಟು ಬೆಳ್ಳಗಿನದೊಂದು. ಕತ್ತಲೆ.

ಅಡುಗೆಮನೆಯಲ್ಲಿ ಏನೋ ಸೀದು ಹೋಗುತ್ತಿದೆ ಅನ್ನಿಸಿ ತಾಯಿ ಎದ್ದು ಹೋದಳು. ಒಲೆಯ ಮೇಲೆ ಏನೂ ಇರಲಿಲ್ಲ. ತಿರುಗಿ ಬಂದು ಬಾಗಿಲ ಬಳಿಯೇ ನಿಂತಳು.

"ಆ ಹಲ್ಲು ಮೆಟ್ಟಿಲಿಂದ ಬಿದ್ದು ಮುರಿದಿದ್ದು," ಎಂದಳು.

"ಹೌದು, ಹಲ್ಲಿನ ಡಾಕ್ಟ್ರಿಗೆ ಹಾಗೇ ಹೇಳಿದ್ವಿ."

"ಊರಿಗೆಲ್ಲ ತೋರ್ಸಿ ನನ್ನ ಮಾನ ಕಳೀಬೇಕು ಅಂತಿದ್ದೀಯಾ?"

"ಮುಖ ಎಲ್ಲಿ ಬರೆದಿದ್ದೀನಿ ಅಮ್ಮ? ಯಾರೋ ಒಬ್ಬ ಹೆಂಗಸು ಅದು."

"ಯಾವ ತಾಯಿ ಮಕ್ಕಳಿಗೆ ಒಂದು ಏಟು ಹಾಕಿಲ್ಲ?"

"ಒಂದು ಏಟು," ಎಂದಳು ಮಗಳು, ಅಂಗಡಿಯಲ್ಲಿ ಬೆಲೆ ಕೇಳಿ ತಿರುಗಿ ಹೇಳುವವರ ಹಾಗೆ. ಒಂದು ಕಾಗದ ಎತ್ತಿ ತೋರಿಸಿದಳು. ಮೇಷ್ಟ್ರು ಕೆಂಪು ಶಾಯಿಯಲ್ಲಿ ಬರೆದದ್ದು: ಮಗು ತುಂಬ ಬೇಗ ಅಲ್ಲಾಡುತ್ತಿದೆ, ಏಟು ಬರುತ್ತದೆಂದು ಅದಕ್ಕೆ ಹೇಗೆ ಗೊತ್ತು? ಮೊದಲು ಕ್ರಿಯೆ, ಆಮೇಲೆ ಪ್ರತಿಕ್ರಿಯೆ. ಇದು ಮೊದಲ ವರ್ಷದ ತಪ್ಪು. ಸರಿಪಡಿಸದೆ ಸಹಿ ಇಲ್ಲ.

ತಾಯಿ ಎರಡು ಸಲ ಓದಿದಳು. ಎದೆಯ ಮೇಲಿನ ಕಲ್ಲು ಸ್ವಲ್ಪ ಸರಿದ ಹಾಗಾಯಿತು. "ಓದಿದವರು ಹೇಳಿದ್ದಾರೆ. ಹಾಗೇ ಮಾಡು."

"ಹಾಗೆ ಮಾಡಿದ್ರೆ ಏನಾಗುತ್ತೆ ಗೊತ್ತಾ? ಮಗು ಆರಾಮಾಗಿ ಪೆನ್ಸಿಲ್ ಹೆರೀತಾ ಇರುತ್ತೆ. ಎಲ್ಲಿಂದ್ಲೋ ಒಂದು ಏಟು ಬೀಳುತ್ತೆ. ಯಾವತ್ತೋ ಒಂದು ಕೆಟ್ಟ ದಿನ, ಪಾಪ, ಅಮ್ಮನಿಗೆ ತಲೆನೋವು. ಅಷ್ಟೇ ಆಗುತ್ತೆ." ಮಗಳು ಕಾಗದವನ್ನು ಕಟ್ಟಿನ ಮೇಲಿಟ್ಟಳು. "ಏಟಿಗೆ ಮುಂಚೆ ಭುಜ ಏರೋ ಆ ಎಂಟು ಚಿತ್ರ ತೆಗೆದ್ರೆ ಸುಳ್ಳು. ತೆಗೀದಿದ್ರೆ ಡಿಗ್ರಿ ಇಲ್ಲ."

"ತೆಗಿ."

"ತೆಗೀತೀನಿ ಬಿಡು. ನಿಂಗೂ ಅದೇ ಬೇಕು."

ತಾಯಿಯ ಗಂಡ ಲಾರಿ ಓಡಿಸುತ್ತಿದ್ದವನು, ತಿಂಗಳಿಗೆ ಎರಡು ಸಲ ಮನೆಗೆ ಬರುತ್ತಿದ್ದವನು, ಮಗಳಿಗೆ ಹದಿನಾಲ್ಕಾದಾಗ ತೀರಿಕೊಂಡ. ಹೆಂಡತಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ. ಅವಳ ಅಪ್ಪನೂ ಅಮ್ಮನೂ ಹೊಡೆದವರಲ್ಲ. ನನಗೆ ಬಿದ್ದಿದ್ದನ್ನು ನಾನು ಕೊಟ್ಟೆ ಎಂದು ಹೇಳಿಕೊಳ್ಳಲು ಕೂಡ ಅವಳ ಬಳಿ ಏನೂ ಇರಲಿಲ್ಲ. ದಣಿವಿತ್ತು, ಅದು ನಿಜ. ನಿಂತು ನಿಂತು ಕಾಲು ಊದುತ್ತಿದ್ದವು, ಮೂಗಿನಲ್ಲಿ ದಿನವಿಡೀ ಹಸಿ ರಕ್ತದ ವಾಸನೆ. ಆದರೆ ತಕ್ಕಡಿಯವಳೂ ಅಷ್ಟೇ ನಿಲ್ಲುತ್ತಿದ್ದಳು. ಕೈಗೆ ಸಿಕ್ಕಿದ್ದು ಸೌಟಾದರೆ ಸೌಟು, ಬಾಚಣಿಗೆಯಾದರೆ ಬಾಚಣಿಗೆ, ಏನೂ ಸಿಗದಿದ್ದರೆ ಬರಿಗೈ. ಒಮ್ಮೆ ಮಗುವನ್ನು ಜಡೆ ಹಿಡಿದು ಬಚ್ಚಲವರೆಗೆ ಎಳೆದದ್ದು. ಒಮ್ಮೆ ಬಿಸಿ ಸೌಟು. ಇವೆಲ್ಲ ಅವಳ ನೆನಪಿನಲ್ಲಿ ಇದ್ದವು. ಆದರೆ ಮದುವೆ ಆಲ್ಬಮ್ಮಿನ ಕೊನೆಯ ಪುಟಗಳ ಹಾಗೆ, ತೆರೆದು ನೋಡದವು. ಕಾರಣಗಳು ಮಾತ್ರ ಒಂದೂ ಉಳಿದಿರಲಿಲ್ಲ. ಹಲ್ಲು ಮುರಿದ ದಿನ ಮಗು ಏನು ತಪ್ಪು ಮಾಡಿತ್ತು ಎಂದು ಆ ಸಂಜೆಯೆಲ್ಲ ತಡಕಾಡಿದಳು. ಪೆನ್ಸಿಲ್ ಹೆರೆಯುತ್ತಿತ್ತು. ಅಷ್ಟೇ ಸಿಕ್ಕಿತು.

ಹೊಡೆತ ನಿಂತದ್ದು ಮಗಳಿಗೆ ಹದಿನೈದಾದಾಗ. ಮೇಲೆದ್ದ ಮಣಿಕಟ್ಟನ್ನು ಮಗಳು ಗಾಳಿಯಲ್ಲೇ ಹಿಡಿದಳು, ಹಿಡಿದು ಒದ್ದೆ ಬಟ್ಟೆ ಹಿಂಡುವಂತೆ ತಿರುಚಿದಳು. ಎರಡು ವಾರ ತಾಯಿಗೆ ಮಚ್ಚು ಎತ್ತಲಾಗಲಿಲ್ಲ. ಅದಾದ ಮೇಲೆ ಮನೆ ತಣ್ಣಗಾಯಿತು, ಮಾತೂ ನಿಂತಿತು.

ಮರುದಿನ ಅಂಗಡಿಯಲ್ಲಿ ಮಚ್ಚು ಎರಡು ಸಲ ದಾರಿ ತಪ್ಪಿತು. ಮಧ್ಯಾಹ್ನದ ಬಿಡುವಿನಲ್ಲಿ ಅವಳು ಕೇಳಿಯೇಬಿಟ್ಟಳು.

"ನೀನು ನಿನ್ನ ಮಕ್ಕಳಿಗೆ ಹೊಡೆದಿಲ್ವಾ?"

"ಹೊಡೆದಿಲ್ವಾ ಅಂದ್ರೆ? ದೊಡ್ಡೋನಿಗೆ ಪೊರಕೆ ಮುರಿಯೋ ಹಾಗೆ ಹಾಕಿದ್ದೀನಿ. ಅವತ್ತು ಸ್ಕೂಲ್ ತಪ್ಪಿಸಿ ಕೆರೇಲಿ ಈಜೋಕೆ ಹೋಗಿದ್ದ." ತಕ್ಕಡಿಯವಳು ಸೊಪ್ಪಿನ ಹಾಗೆ ನೆನಪನ್ನು ಬಿಡಿಸುತ್ತಾ ನಕ್ಕಳು. "ಈಗ್ಲೂ ಅದನ್ನೇ ಹೇಳ್ಕೊಂಡು ನನ್ನ ಸೊಸೆ ಮುಂದೆ ಅಳ್ತಾನೆ, ಮಗ ಮಹರಾಯ."

"ಅದೇ ನೋಡು. ಎಲ್ಲರೂ ಹೊಡೆದೋರೇ."

ತಕ್ಕಡಿಯವಳು ನಗು ನಿಲ್ಲಿಸಿದಳು. ತಟ್ಟೆಯನ್ನು ಒರೆಸಿದಳು, ಒರೆಸಿದ್ದನ್ನೇ ಮತ್ತೆ ಒರೆಸಿದಳು. "ಒಂದು ಹೇಳ್ತೀನಿ, ಬೇಜಾರು ಮಾಡ್ಕೋಬೇಡ. ನಿನ್ನ ಮಗಳು ಚಿಕ್ಕೋಳಿದ್ದಾಗ ಸ್ಕೂಲ್ ಬಿಟ್ಟು ಇಲ್ಲಿಗೆ ಬರ್ತಿದ್ಳಲ್ಲ. ಯಾವತ್ತಾದ್ರೂ ನಿನ್ನ ಎಡಗಡೆ ನಿಂತಿದ್ದು ನೋಡಿದ್ದೀಯಾ? ಸುತ್ತು ಹಾಕ್ಕೊಂಡು ಬಂದು ನನ್ನ ಹತ್ರ, ಈ ಮೂಲೇಲಿ ನಿಲ್ತಿದ್ಳು. ನನ್ನ ಮಗ ನಾನು ಪೊರಕೆ ಮುಟ್ಟಿದ್ರೆ ಓಡ್ತಿದ್ದ. ನಿನ್ನದು ನೀನು ಉಸಿರು ಬಿಟ್ರೂ ನೋಡ್ತಿತ್ತು."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ?"

"ಮಚ್ಚು ನಿನ್ನ ಕೈಲಿರುತ್ತೆ, ತಾಯಿ," ಎಂದಳು ತಕ್ಕಡಿಯವಳು. ತಮಾಷೆಯ ದನಿಯಲ್ಲೇ ಹೇಳಿದಳು, ಆದರೆ ಮುಖದಲ್ಲಿ ತಮಾಷೆ ಇರಲಿಲ್ಲ.

ಆ ಮಾತು ತಾಯಿಯನ್ನು ಕರಗಿಸಬೇಕಿತ್ತು. ಕರಗಿಸಲಿಲ್ಲ. ರೇಗಿಸಿತು. ಮಗಳೂ ಇವಳೂ ಸೇರಿ ತನ್ನನ್ನು ರಾಕ್ಷಸಿ ಮಾಡುತ್ತಿದ್ದಾರೆ ಅನ್ನಿಸಿತು. ಅಂದು ಬೇಗ ಮನೆಗೆ ಹೋದಳು. ಬಿಸಿಲು ಇನ್ನೂ ಇತ್ತು. ಮಗಳು ಗಾಜಿನ ಹಲಗೆಯ ಮುಂದೆ ಕೂತು ಆ ಎಂಟು ಚಿತ್ರಗಳನ್ನು ಕಟ್ಟಿನಿಂದ ಬೇರೆ ಮಾಡುತ್ತಿದ್ದಳು.

"ಯಾವ ಮಗುನೂ ಏಟು ಬೀಳೋ ಮುಂಚೆ ಅಲ್ಲಾಡಲ್ಲ," ಎಂದಳು ತಾಯಿ, ಚೀಲ ಕೆಳಗಿಡುವ ಮುಂಚೆಯೇ. "ನಿನ್ನ ಮೇಷ್ಟ್ರು ಹೇಳಿದ್ದು ಸರಿ. ಬೇಕಾದ್ರೆ ಈಗ್ಲೇ ನೋಡೋಣ. ಹಾಕು ಕ್ಯಾಮೆರಾ."

ಮಗಳು ತಿರುಗಿದಳು. "ನಿಜವಾಗ್ಲೂ?"

"ಹೊಡೆಯಲ್ಲ, ಒಂದು ಗೇಣು ದೂರದಲ್ಲಿ ನಿಲ್ಲಿಸ್ತೀನಿ. ನೀನು ಅಲ್ಲಾಡಲ್ಲ. ಆಮೇಲೆ ಬಾಯಿ ಮುಚ್ಕೊಂಡು ಸರಿ ಮಾಡು."

"ಅಲ್ಲಾಡಿದ್ರೆ?"

"ಅಲ್ಲಾಡಲ್ಲ."

ಯೂನಿವರ್ಸಿಟಿಯ ಕ್ಯಾಮೆರಾ ವಾಪಸು ಹೋಗಿತ್ತು. ಮಗಳ ಫೋನಿನ ತುಂಬ ಕೋಳಿ ಕಡಿಯುವ ವಿಡಿಯೋಗಳು, ಜಾಗವಿರಲಿಲ್ಲ. ತಾಯಿಯ ಫೋನನ್ನೇ ಕಪಾಟಿನ ಮೇಲೆ ಎರಡು ಡಬ್ಬಿಗಳ ನಡುವೆ ನಿಲ್ಲಿಸಿದರು. ಮೇಜು, ಬಾಗಿಲು, ಅಡುಗೆಮನೆಯ ನಲ್ಲಿಯವರೆಗೂ ಅದಕ್ಕೆ ಕಾಣುತ್ತಿತ್ತು. ಮಗಳು ಬೆನ್ನು ಮಾಡಿ ಸ್ಟೂಲಿನ ಮೇಲೆ ಕೂತು ಪೆನ್ಸಿಲ್ ಹೆರೆಯತೊಡಗಿದಳು. ತಾಯಿ ಬಾಗಿಲ ಹೊರಗಿಂದ ಬಂದಳು, ಕೈ ಎತ್ತಿದಳು, ನಿಲ್ಲಿಸಿದಳು. ಮಗಳು ಅಲುಗಲಿಲ್ಲ.

"ನೋಡಿದ್ಯಾ?"

"ಏನು ನೋಡೋದು? ನೀನು ನಾಟಕ ಮಾಡ್ತಿದ್ದೀಯ. ಹಿಮ್ಮಡಿನೇ ಏಳ್ಲಿಲ್ಲ. ಮತ್ತೆ ಬಾ."

ಮತ್ತೆ ಬಂದಳು. ಮೂರನೆಯ ಸಲವೂ ಬಂದಳು. ಮಗಳ ಹೆಗಲು ಕಲ್ಲಿನಂತೆ ಕೂತೇ ಇತ್ತು, ಕೈಯಲ್ಲಿನ ಪೆನ್ಸಿಲ್ಲೂ ನಿಲ್ಲಲಿಲ್ಲ. ಗೆದ್ದೆ ಎಂದುಕೊಂಡು ತಾಯಿ ನಾಲ್ಕನೆಯ ಸಲ ಬಾಗಿಲಿಗೆ ಹೋಗುವಾಗ ಮಗಳು ಹಿಂತಿರುಗದೆ ಮಾತು ಶುರು ಮಾಡಿದಳು. ಮೆಲ್ಲಗೆ, ಸಿಪ್ಪೆ ತೆಗೆಯುವಷ್ಟೇ ಮೆಲ್ಲಗೆ.

"ಅಪ್ಪ ಬಂದಾಗ ನೀನು ಎಷ್ಟು ಸಾಧು ಆಗ್ತಿದ್ದೆ ಅಮ್ಮ. ನನ್ನ ತಲೆ ಬಾಚ್ತಿದ್ದೆ. ಚಿನ್ನ ಅಂತಿದ್ದೆ."

"ಸುಮ್ನಿರು."

"ಅಪ್ಪನಿಗೆ ನಾನು ಹೇಳಿದ್ದೆ, ಗೊತ್ತಾ? ಸಾಯೋಕೆ ಒಂದು ವಾರ ಮುಂಚೆ. ಬೆನ್ನು ತೋರ್ಸಿದ್ದೆ. ಅಪ್ಪ ಅತ್ರು."

"ಸುಳ್ಳು."

"ನಿನ್ನ ಕೇಳೋ ಧೈರ್ಯ ಅವರಿಗಿರ್ಲಿಲ್ಲ. ಅವರಿಗೂ ನಿನ್ನ ಕಂಡ್ರೆ ಹೆದರಿಕೆ. ಅದಕ್ಕೇ ತಿಂಗಳಿಗೆ ಎರಡೇ ಸಲ ಬರ್ತಿದ್ದಿದ್ದು."

ತಾಯಿ ಬಾಗಿಲಿಂದ ಬಂದು ಮಗಳ ಬೆನ್ನ ಹಿಂದೆ ನಿಂತಳು. ಕಿವಿಯಲ್ಲಿ ಒಂದು ಸದ್ದು, ದೂರದ ಗಿರಣಿಯ ಹಾಗೆ. ಆಮೇಲೆ ಕೋಣೆ ಚಿಕ್ಕದಾಯಿತು, ಅದರಲ್ಲಿ ಎರಡು ಭುಜ ಮತ್ತು ಒಂದು ಕುತ್ತಿಗೆ ಬಿಟ್ಟು ಬೇರೇನೂ ಉಳಿಯಲಿಲ್ಲ. ಎಡಗೈ ಎದ್ದು ಇಳಿಯಿತು. ಅಂಗೈಯ ಬುಡ ಮಗಳ ಕಿವಿಯ ಹಿಂದೆ ತಾಗಿದ ಸದ್ದು ಮೂಳೆಯ ಸದ್ದು. ಮಗಳ ಹಣೆ ಮೇಜಿನ ಅಂಚಿಗೆ ಬಡಿಯಿತು, ಸ್ಟೂಲು ಹಾರಿತು, ಕಾಗದದ ಒಂದು ಕಟ್ಟು ಜಾರಿ ನೆಲದ ತುಂಬ ಹರಡಿತು. ಬಿದ್ದವಳು ಏಳಲು ಅಂಗೈ ಊರಿದಳು. ಆ ಬೆನ್ನಿಗೆ ತಾಯಿ ಇನ್ನೊಂದು ಹಾಕಿದಳು. ಮತ್ತೊಂದು. ಬೆನ್ನು ನೆಲಕ್ಕಂಟಿದ ಮೇಲೂ ಒಂದು. ಕೊನೆಯದು ಯಾಕೆ ಬೇಕಿತ್ತೆಂದು ಯಾರೂ ಕೇಳಲಿಲ್ಲ, ಅವಳೂ ಕೇಳಿಕೊಳ್ಳಲಿಲ್ಲ.

ಮುಂದೆ ಎಷ್ಟು ಹೊತ್ತು ಹೋಯಿತೋ ಅವಳಿಗೆ ತಿಳಿಯದು. ಮಗಳು ಗೋಡೆಗೆ ಒರಗಿ ಕೂತಿದ್ದಳು. ಹುಬ್ಬು ಸೀಳಿ ರಕ್ತ ಕಣ್ಣಿಗೆ, ಕೆನ್ನೆಗೆ, ಅಲ್ಲಿಂದ ಹರಡಿದ ಹುಡುಗಿಯ ಚಿತ್ರಗಳ ಮೇಲೆ ತೊಟ್ಟಿಕ್ಕುತ್ತಿತ್ತು. ಅವಳು ಅಳುತ್ತಿರಲಿಲ್ಲ.

"ಫೋನ್ ಕೊಡು," ಎಂದಳು.

"ಮೊದಲು ಆಸ್ಪತ್ರೆಗೆ..."

"ಫೋನ್ ಕೊಡು ಅಮ್ಮ."

ರಕ್ತದ ಬೆರಳಿನಿಂದ ವಿಡಿಯೋವನ್ನು ಹಿಂದಕ್ಕೆ, ಮುಂದಕ್ಕೆ, ಕೂದಲೆಳೆಯಷ್ಟೇ ಸರಿಸಿದಳು. ಸಿಕ್ಕಿದಾಗ ತಾಯಿಯ ಮುಖದ ಮುಂದೆ ಹಿಡಿದಳು. ಮಗಳ ಹಿಂದೆ ತಾಯಿ ನಿಂತಿದ್ದಾಳೆ, ಎರಡೂ ಕೈ ಜೋತುಬಿದ್ದಿವೆ. ಹಿಮ್ಮಡಿ ಕೂಡ ಇನ್ನೂ ಎದ್ದಿಲ್ಲ. ಮಗಳಿಗೆ ಬೆನ್ನು ಬಿಟ್ಟು ಕಣ್ಣಿಲ್ಲ ಆ ಕಡೆಗೆ. ಆದರೂ ಇಪ್ಪತ್ತೆರಡು ವರ್ಷದ ಹೆಣ್ಣಿನ ಭುಜಗಳು ಕಿವಿಯವರೆಗೆ ಏರಿವೆ, ಕುತ್ತಿಗೆ ಒಳಗೆ ಹೋಗಿದೆ, ಗಲ್ಲ ಎದೆಗೆ ಅಂಟಿದೆ.

"ಮೂರು ಸಲ ನೀನು ನಾಟಕ ಮಾಡ್ದಾಗ ನನ್ನ ಮೈ ನಂಬ್ಲಿಲ್ಲ," ಎಂದಳು ಮಗಳು. "ನಿಜವಾದ್ದು ಬಂದಾಗ ನಂಗೂ ಹೇಳದೆ ಎದ್ದುಬಿಡ್ತು."

ತಾಯಿ ಮಗಳ ಭುಜವನ್ನು ನೋಡಲಿಲ್ಲ. ತನ್ನ ಮುಖವನ್ನು ನೋಡುತ್ತಿದ್ದಳು. ಹೊಡೆಯಲು ಹೊರಟಾಗಿನ ತನ್ನ ಮುಖವನ್ನು ಅವಳು ಹಿಂದೆಂದೂ ಕಂಡವಳಲ್ಲ. ಕೆಂಡಾಮಂಡಲ ಇರುತ್ತದೆ, ಹಲ್ಲು ಕಚ್ಚಿರುತ್ತದೆ ಎಂದುಕೊಂಡಿದ್ದಳು. ಹಾಗೇನೂ ಇರಲಿಲ್ಲ. ದಿನವಿಡೀ ಹೊತ್ತ ಮೂಟೆಯನ್ನು ಇಳಿಸಲು ಜಾಗ ಸಿಕ್ಕವರ ಮುಖ ಅದು. ಹಗುರಾದ ಮುಖ.

ಆಸ್ಪತ್ರೆಯಲ್ಲಿ ಹುಬ್ಬಿಗೆ ನಾಲ್ಕು ಹೊಲಿಗೆ ಬಿತ್ತು. ಹೇಗಾಯಿತು ಎಂದು ನರ್ಸಮ್ಮ ಕೇಳುವ ಮೊದಲೇ ಮಗಳು, "ಮೆಟ್ಟಿಲಿಂದ ಬಿದ್ದೆ" ಎಂದಳು. ನರ್ಸಮ್ಮ ತಾಯಿಯ ಕಡೆ ನೋಡಿದಳು. ಹೌದೆನ್ನುವಂತೆ ತಾಯಿಯ ತಲೆ ತಾನಾಗಿಯೇ ಆಡಿತು.

ಹೊರಗೆ ಬೆಂಚಿನ ಮೇಲೆ ಕೂತು ಮಾತ್ರೆ ಕೊಡುವವರಿಗಾಗಿ ಕಾಯುವಾಗ ಮಗಳು ಹೇಳಿದಳು: "ಆ ವಿಡಿಯೋ ಅಳಿಸ್ಬಿಡು. ಸರ್‌ಗೆ ತೋರ್ಸಿದ್ರೆ ಒಪ್ಕೋತಾರೆ, ಆದ್ರೆ ನಾನು ತೋರ್ಸಲ್ಲ. ಆ ಎಂಟು ಚಿತ್ರ ತೆಗೆದು ಮುಗಿಸ್ತೀನಿ. ಡಿಗ್ರಿ ತಗೊಂಡು ಬೇರೆ ಕಡೆ ಹೋಗ್ತೀನಿ. ಸಾಕಾಗಿದೆ ನಂಗೆ."

ಫೋನು ತಾಯಿಯ ಚೀಲದಲ್ಲಿತ್ತು. ಅಳಿಸಲು ಎರಡು ಸಲ ಬೆರಳು ಒತ್ತಬೇಕು, ಅಷ್ಟೇ. ಮನೆಗೆ ಹೋದ ಮೇಲೆ ಒಂದು ಸಲ ಒತ್ತಿದಳು. ನಿಜವಾಗಿ ಅಳಿಸಬೇಕೇ ಎಂದು ಫೋನು ಕೇಳಿತು. ಅವಳು ಆ ಪ್ರಶ್ನೆಯನ್ನು ನೋಡುತ್ತಾ ಕೂತಳು. ಅಳಿಸಿದರೆ ಎಲ್ಲ ಮೊದಲಿನ ಹಾಗೆ: ಮೆಟ್ಟಿಲು, ಜಾರಿದ ಕಾಲು, ಪಾಪದ ಹುಡುಗಿ. ಮಗಳ ಚಿತ್ರದ ಹೆಂಗಸು ಒಂದು ಕೆಟ್ಟ ದಿನದ ಹೆಂಗಸಾಗುತ್ತಾಳೆ. ನೋಡಿದವರು ಅವಳ ಮೇಲೂ ಕನಿಕರಪಡುತ್ತಾರೆ. ಅದು ತನಗೆ ಎಷ್ಟು ಬೇಕಾಗಿತ್ತು ಎಂಬುದು ಅವಳಿಗೆ ಆಗ ತಿಳಿಯಿತು. ಬೇಡ ಎಂಬುದನ್ನು ಒತ್ತಿದಳು.

ಬೆಳಿಗ್ಗೆ ಅಂಗಡಿಗೆ ಹೋಗಲಿಲ್ಲ. ಯೂನಿವರ್ಸಿಟಿಯ ಉದ್ದದ ಮೊಗಸಾಲೆಯಲ್ಲಿ, ಗೋಡೆಯ ತುಂಬ ಅಂಟಿಸಿದ ಕೈ ಕಾಲು ಕಣ್ಣುಗಳ ಚಿತ್ರಗಳನ್ನು ದಾಟಿ, ಕೇಳುತ್ತಾ ಕೇಳುತ್ತಾ ಮೇಷ್ಟ್ರ ಕೋಣೆಗೆ ಹೋದಳು. ಇಪ್ಪತ್ನಾಲ್ಕು ಎಂದರೆ ಯಾರೋ ಆಜಾನುಬಾಹು ಎಂದುಕೊಂಡಿದ್ದಳು. ಇದ್ದವರು ಸ್ವೆಟರಿನ ಒಂದು ಗುಂಡಿ ತಪ್ಪಾಗಿ ಹಾಕಿಕೊಂಡ ಬಡಕಲು ಮನುಷ್ಯ.

"ಮಗು ಬೇಗ ಅಲ್ಲಾಡುತ್ತೆ ಅಂತ ಬರೆದಿದ್ರಲ್ಲ," ಎಂದಳು, ನಮಸ್ಕಾರ ಮರೆತು. "ಇದನ್ನ ನೋಡಿ."

ಅವರು ಅದನ್ನು ದೊಡ್ಡ ಪರದೆಗೆ ಹಾಕಿದರು. ಏಟು ಬೀಳುವವರೆಗೆ ಒಂದು ಸಲ ನೋಡಿದರು. ಕನ್ನಡಕ ತೆಗೆದು, ಹಾಕಿ, ಒಂದೊಂದೇ ಫ್ರೇಮು ಹಿಂದಕ್ಕೆ ಹೋದರು.

"ಇದು ಅಭಿನಯ ತಾನೆ?"

ಹೌದು ಎಂದುಬಿಟ್ಟರೆ ಕೆಲಸ ಆಗಿಹೋಗುತ್ತಿತ್ತು. ಅವರ ದನಿಯೂ ಅದನ್ನೇ ಬೇಡುತ್ತಿತ್ತು.

"ಅಲ್ಲ. ಮೊದಲ ಮೂರು ಸಲ ಅಭಿನಯ. ಇದಲ್ಲ. ಆಮೇಲಿನ ಮೂರೂ ಅಲ್ಲ."

"ಈ ಹೆಂಗಸು..."

"ನಾನೇ. ಇವತ್ತು ನಿನ್ನೆಯದಲ್ಲ ಇದು. ಮೊದಲಿಂದ್ಲೂ."

ಮೇಷ್ಟ್ರು ಪರದೆಯ ಕಡೆ ತಿರುಗಿ, ಭುಜ ಏರಿದಲ್ಲಿಂದ ಕೈ ಏಳುವವರೆಗಿನ ಫ್ರೇಮುಗಳನ್ನು ಪೆನ್ನಿನ ತುದಿಯಿಂದ ಎಣಿಸಿದರು, ಬಾಯಲ್ಲಿ ಶಬ್ದವಿಲ್ಲದೆ. "ಹನ್ನೊಂದು," ಎಂದರು ಕೊನೆಗೆ. "ಹುಡುಗಿ ಎಂಟು ಬರೆದಿದ್ದಳು. ಕಡಿಮೆಯೇ ಬರೆದಿದ್ದಳು." ಆಮೇಲೆ ಅವಳ ಜೊತೆ ಮಾತಾಡಲಿಲ್ಲ. ಫೋನೆತ್ತಿ ಮಗಳನ್ನು ಕರೆಸಿದರು.

ಮಗಳು ಹುಬ್ಬಿನ ಪಟ್ಟಿಯೊಂದಿಗೆ ಬಾಗಿಲಲ್ಲಿ ನಿಂತು ಪರದೆಯನ್ನು ನೋಡಿದಳು, ತಾಯಿಯನ್ನು ನೋಡಿದಳು.

"ನನ್ನ ಒಂದು ಮಾತು ಕೇಳದೆ ತಂದ್ಯಾ?"

"ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅಂದಿದ್ದು ನಾನು. ಬೆನ್ನು ನಂದು. ತೋರ್ಸೋದೂ ಬಿಡೋದೂ ನಂದಲ್ವಾ? ಅದನ್ನೂ ನೀನೇ ಮಾಡ್ಬೇಕಾ?"

ತಾಯಿಗೆ ಇದು ಹೊಳೆದಿರಲಿಲ್ಲ. ಒಪ್ಪಿಕೊಳ್ಳುವುದು ಒಳ್ಳೆಯದು ಎಂದಷ್ಟೇ ತಿಳಿದು ಬಂದಿದ್ದಳು.

ಮೇಷ್ಟ್ರು ತಾಯಿಯನ್ನು ಬಿಟ್ಟು ಮಗಳನ್ನೇ ಕೇಳಿದರು. "ಮನೆಯಲ್ಲಿ ಇರಲು ಹೆದರಿಕೆ ಇದ್ದರೆ ಇವತ್ತೇ ಹಾಸ್ಟೆಲ್ಲಿನಲ್ಲಿ ಕೋಣೆ ಕೊಡಿಸುತ್ತೇನೆ."

"ಈಗ ಅಮ್ಮನಿಗಿಂತ ನಾನೇ ಎತ್ತರ ಸರ್," ಎಂದಳು ಮಗಳು. ಹುಬ್ಬಿನ ಪಟ್ಟಿ ಮುಟ್ಟಿಕೊಂಡು, "ಕೊಡ್ಸಿ," ಎಂದಳು.

"ತಪ್ಪು ನನ್ನದು. ಕೆಂಪು ಶಾಯಿಯನ್ನು ಹಿಂದಕ್ಕೆ ತೆಗೆದುಕೊಂಡೆ. ಈ ವಿಡಿಯೋ ಈ ಕೋಣೆ ಬಿಟ್ಟು ಹೋಗುವುದಿಲ್ಲ." ಸಹಿಯ ಹಾಳೆಯನ್ನು ಹತ್ತಿರ ಎಳೆದುಕೊಂಡವರು ಪೆನ್ನನ್ನು ಮೇಲೆಯೇ ಹಿಡಿದರು. "ಒಂದು ಕೇಳಲಾ? ನಿನ್ನ ಚಿತ್ರ ಹಲ್ಲಿನ ಮೇಲೆ ಮುಗಿಯುತ್ತೆ. ಹೊಡೆದಾದ ಮೇಲೆ ಆ ಹೆಂಗಸು ಏನು ಮಾಡುತ್ತಾಳೆ?"

"ಗೊತ್ತಿಲ್ಲ ಸರ್. ನಾನು ಯಾವತ್ತೂ ತಲೆ ಎತ್ತಿ ನೋಡಿಲ್ಲ."

ಅವರು ವಿಡಿಯೋವನ್ನು ಮುಂದಕ್ಕೆ ಬಿಟ್ಟರು. ನಿನ್ನೆ ಮಗಳು ಬೇಕಾದ ಒಂದೇ ಚಿತ್ರವನ್ನು ಹುಡುಕಿ ನಿಲ್ಲಿಸಿದ್ದಳು. ಅಲ್ಲಿಂದ ಮುಂದೆ ಮೂವರೂ ನೋಡಿರಲಿಲ್ಲ.

ಕೊನೆಯ ಏಟು ಬಿತ್ತು. ಹೆಂಗಸು ನೆಟ್ಟಗಾದಳು. ನೆಲದ ಮೇಲಿದ್ದವಳ ಕಡೆ ಅವಳು ನೋಡಲಿಲ್ಲ. ಹರಡಿದ ಕಾಗದಗಳನ್ನು ತುಳಿಯದ ಹಾಗೆ ಕಾಲೆತ್ತಿ ದಾಟಿ ಅಡುಗೆಮನೆಯ ನಲ್ಲಿಗೆ ಹೋದಳು. ತೋಳು ಮೇಲೆ ಮಡಚಿದಳು. ಸೋಪು ತೆಗೆದುಕೊಂಡು ಅಂಗೈ, ಬೆರಳ ಸಂದಿ, ಉಗುರಿನ ಕೆಳಗೆ, ಮಣಿಕಟ್ಟಿನವರೆಗೆ ಉಜ್ಜತೊಡಗಿದಳು. ಹಿಂದೆ, ಪರದೆಯ ಮೂಲೆಯಲ್ಲಿ, ಮಗಳು ತೆವಳಿ ಗೋಡೆಗೆ ಒರಗುತ್ತಿದ್ದಳು. ಹೆಂಗಸು ತೊಳೆಯುತ್ತಲೇ ಇದ್ದಳು. ಒಂದು ನಿಮಿಷವಾಯಿತು. ಮತ್ತೆ ಸೋಪು ಹಾಕಿದಳು.

ಮಗಳು ಎದುರಿಗಿದ್ದ ಕುರ್ಚಿಯಲ್ಲಿ ಕೂತು ಮೇಷ್ಟ್ರ ಮೇಜಿನಿಂದ ಒಂದು ಪೆನ್ಸಿಲ್ಲನ್ನೂ ಒಂದು ಹಾಳೆಯನ್ನೂ ತೆಗೆದುಕೊಂಡಳು. ಪರದೆಯಿಂದ ಕಣ್ಣು ಕೀಳದೆ ಆ ಬೆನ್ನನ್ನು, ಬಗ್ಗಿದ ತಲೆಯನ್ನು, ನೀರಿನ ಕೆಳಗಿನ ಕೈಗಳನ್ನು ಬರೆದುಕೊಳ್ಳುತ್ತಾ ಹೋದಳು.

"ಪ್ರತಿ ಸಲವೂ ಇಷ್ಟು ಹೊತ್ತು ತೊಳೀತಿದ್ಯಾ?" ಕೇಳಿದಳು, ತಲೆ ಎತ್ತದೆ.

ಇಲ್ಲ ಎನ್ನಲು ತಾಯಿ ಬಾಯಿ ತೆರೆದಳು. ಆದರೆ ನಲ್ಲಿಯ ತಣ್ಣಗಿನ ತಿರುಪು ಅಂಗೈಗೆ ನೆನಪಿತ್ತು, ಸೋಪಿನ ವಾಸನೆ ಮೂಗಿಗೆ ನೆನಪಿತ್ತು.

"ಹೂಂ," ಎಂದಳು. "ಪ್ರತಿ ಸಲ."

ಮಗಳು ಹಾಳೆಯ ಮೂಲೆಯಲ್ಲಿ ಒಂದು ಎಂದು ಅಂಕಿ ಹಾಕಿ, ಅದನ್ನು ಪಕ್ಕಕ್ಕೆ ಸರಿಸಿ, ಎರಡನೆಯ ಹಾಳೆಯನ್ನು ಎಳೆದುಕೊಂಡಳು.